ಅರವತ್ತು ಸಾವಿರ ಮತ ಪಡೆದ ಗವರ್ನರನ್ನು ಕಾಯಲು ಯಾರೂ ಯಾಕೆ ಬರಲಿಲ್ಲ?

ಪ್ರಶ್ನೆ: ಮೆಕ್ಸಿಕೋದ ಯುಕತಾನ್ ರಾಜ್ಯದಲ್ಲಿ ಗವರ್ನರ್ ಆಗಿದ್ದ ಫೆಲಿಪೆ ಕರಿಯೊ ಪುವೆರ್ತೊ ಅವರ ಬಗ್ಗೆ ಓದುತ್ತಿದ್ದೇನೆ. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದ ನನಗೆ ಎರಡು ಸಂಗತಿಗಳು ಬಗೆಹರಿಯುತ್ತಿಲ್ಲ. ಗವರ್ನರ್ ಎಂದರೆ ಕೇಂದ್ರ ನೇಮಿಸುವ ವ್ಯಕ್ತಿಯಲ್ಲವೇ? ಅಂಥವರು ಚುನಾವಣೆಗೆ ನಿಂತು ಗೆದ್ದು, ಭೂಮಿ ಹಂಚಿದ್ದು ಹೇಗೆ? ಎರಡನೆಯದು, ಅಷ್ಟೊಂದು ಮತ ಪಡೆದು, ಊರೂರಿನಲ್ಲಿ ಸಂಘ ಕಟ್ಟಿದ್ದ ನಾಯಕನನ್ನು ಅಧಿಕಾರಕ್ಕೆ ಬಂದ ಎರಡೇ ವರ್ಷದಲ್ಲಿ ಒಬ್ಬ ಕರ್ನಲ್ ಹಿಡಿದು ಗುಂಡಿಕ್ಕಿ ಕೊಲ್ಲಿಸುವಾಗ ಆ ಸಂಘಗಳು ಎಲ್ಲಿದ್ದವು? ಅವರ ಜನಬೆಂಬಲ ಸುಳ್ಳಾಗಿತ್ತೇ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಒಂದರ ಉತ್ತರ ಇನ್ನೊಂದರೊಳಗೇ ಇದೆ. ಆದ್ದರಿಂದ ಮೊದಲು ಹುದ್ದೆಯ ವಿಷಯ ತಿಳಿಯಾಗಲಿ.

ನಮ್ಮಲ್ಲಿ ಗವರ್ನರ್ ಎಂದರೆ ರಾಜ್ಯಪಾಲರು, ರಾಷ್ಟ್ರಪತಿಗಳಿಂದ ನೇಮಕಗೊಂಡವರು. ಮೆಕ್ಸಿಕೋದಲ್ಲಿ ಹಾಗಲ್ಲ. ಅಲ್ಲಿ ರಾಜ್ಯದ ಗವರ್ನರ್ ನೇರವಾಗಿ ಜನರ ಮತದಿಂದ ಬರುವವರು. ಕೆಲಸದ ದೃಷ್ಟಿಯಿಂದ ನಮ್ಮ ಮುಖ್ಯಮಂತ್ರಿಗೆ ಹತ್ತಿರವಾದರೂ, ಶಾಸನಸಭೆಯ ಬಹುಮತದ ಮೇಲೆ ಅವರ ಕುರ್ಚಿ ನಿಂತಿರುವುದಿಲ್ಲ. 1917ರ ಸಂವಿಧಾನದ ಪ್ರಕಾರ ಅವರ ಅವಧಿ ನಾಲ್ಕು ವರ್ಷ ಮೀರುವಂತಿರಲಿಲ್ಲ. 1943ರ ತಿದ್ದುಪಡಿಯ ನಂತರವೇ ಅದು ಆರು ವರ್ಷವಾದದ್ದು. ಒಮ್ಮೆ ಚುನಾಯಿತರಾದವರು ಮತ್ತೆ ಆ ಹುದ್ದೆಗೆ ನಿಲ್ಲುವಂತಿಲ್ಲ. ಇಷ್ಟೆಲ್ಲ ಸ್ವತಂತ್ರವಾಗಿ ಕಾಣುವ ಈ ಹುದ್ದೆಯ ತಲೆಯ ಮೇಲೆ ಕೇಂದ್ರದ ಕೈ ಸದಾ ಇತ್ತು. ರಾಜ್ಯವೊಂದರಲ್ಲಿ ಆಡಳಿತದ ಅಂಗಗಳೇ ಇಲ್ಲವಾಗಿವೆ ಎಂದು ಘೋಷಿಸಿ ತಾತ್ಕಾಲಿಕ ಗವರ್ನರರನ್ನು ಹೆಸರಿಸುವ ಅಧಿಕಾರ ಸೆನೆಟ್ಟಿಗೆ ಇತ್ತು. ರಾಷ್ಟ್ರಪತಿ ಆಳ್ವಿಕೆ ಹೇರುವ ನಮ್ಮ 356ನೇ ವಿಧಿ ಬಲ್ಲವರಿಗೆ ಇದರ ರುಚಿ ತಿಳಿದೀತು. ಅದಕ್ಕಿಂತ ಮುಖ್ಯವಾಗಿ, ರಾಜ್ಯದೊಳಗೆ ಬೀಡುಬಿಟ್ಟ ಸೇನೆ ಗವರ್ನರರ ಮಾತಿಗೆ ಒಳಪಟ್ಟಿರಲಿಲ್ಲ, ರಾಷ್ಟ್ರಾಧ್ಯಕ್ಷರಿಗೆ ಉತ್ತರ ಹೇಳುತ್ತಿತ್ತು. ಈ ಕೊನೆಯ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಈಗ ನಾಡಿನ ವಿಷಯ. ಯುಕತಾನ್ ಮೆಕ್ಸಿಕೋದ ಆಗ್ನೇಯ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಸುಣ್ಣಕಲ್ಲಿನ ಚಪ್ಪಟೆ ನೆಲ. ಮೇಲೆ ಹರಿಯುವ ಹೊಳೆಗಳಿಲ್ಲ. ನೀರು ನೆಲದ ಒಳಗೇ ಓಡಿ, ಅಲ್ಲಲ್ಲಿ ಬಂಡೆ ಕುಸಿದ ಕಡೆ ಕಡುನೀಲಿ ಮಡುಗಳಾಗಿ ಕಾಣಿಸಿಕೊಳ್ಳುತ್ತದೆ. ಇಂಥ ಕಲ್ಲುನೆಲದಲ್ಲಿ ಹುಲುಸಾಗಿ ಬೆಳೆಯುವುದು ಎನೆಕೆನ್, ಅಂದರೆ ನಮ್ಮ ಹೊಲಗಳ ಬೇಲಿಯಲ್ಲಿ ಮುಳ್ಳು ಚಾಚಿ ನಿಲ್ಲುವ ಕತ್ತಾಳೆಯ ಹತ್ತಿರದ ಬಂಧು. ನಮ್ಮ ಕತ್ತಾಳೆಯ ಕುಲಮೂಲವೂ ಮೆಕ್ಸಿಕೋದ ಕಡೆಯದೇ. ನಾವು ಅದರಿಂದ ಹಗ್ಗ ಹೊಸೆದರೆ, ಯುಕತಾನಿನವರು ಅದರಿಂದ ಅಮೆರಿಕದ ಗೋಧಿಯನ್ನೇ ಕಟ್ಟಿದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಗೋಧಿ ಕೊಯ್ದು ತಾನೇ ಸಿವುಡು ಕಟ್ಟುವ ಯಂತ್ರ ಅಮೆರಿಕದ ಹೊಲಗಳಿಗೆ ಬಂದಾಗ ಅದಕ್ಕೆ ಬೇಕಾದ ಹುರಿ ಬಹುಪಾಲು ಇಲ್ಲಿಂದಲೇ ಹೋಗುತ್ತಿತ್ತು. ರಾಜ್ಯದ ರಾಜಧಾನಿ ಮೆರಿದಾ ನಗರದಲ್ಲಿ ಅರಮನೆಯಂಥ ಮನೆಗಳು ಎದ್ದವು. ಬೆರಳೆಣಿಕೆಯ ಕುಟುಂಬಗಳು ಭೂಮಿ, ರೈಲು, ಬಂದರು, ಬ್ಯಾಂಕು ಎಲ್ಲವನ್ನೂ ಹಿಡಿದಿದ್ದವು. ಅವರಲ್ಲಿ ಎಲ್ಲರಿಗಿಂತ ಮೇಲಿದ್ದ ಒಲೆಗಾರಿಯೊ ಮೊಲಿನಾ ಅವರು ಸ್ವತಃ ಯುಕತಾನಿನ ಗವರ್ನರ್ ಆಗಿದ್ದಾಗಲೇ, 1902ರಲ್ಲಿ, ಅವರ ವ್ಯಾಪಾರ ಸಂಸ್ಥೆ ಕೊಯ್ಲು ಯಂತ್ರ ತಯಾರಿಸುವ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ನಾರಿನ ಬೆಲೆ ಇಳಿಸುವ ಗುಟ್ಟಿನ ಒಪ್ಪಂದಕ್ಕೆ ಸಹಿ ಹಾಕಿತು. ಗವರ್ನರ್ ಹುದ್ದೆಯ ಹಿಂದಿನ ರೂಪ ಹೇಗಿತ್ತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಆ ಸಿರಿಯ ಬುಡದಲ್ಲಿದ್ದ ದುಡಿಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಕರಿಯೊ ಪುವೆರ್ತೊ ಅವರ ರಾಜಕೀಯವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ನೆಟ್ಟ ಎನೆಕೆನ್ ಕೊಯ್ಲಿಗೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಕೊಯ್ಲು ವರ್ಷವಿಡೀ ನಿಲ್ಲುವುದಿಲ್ಲ. ಆಳು ಬಾಗಿದ ಅಲಗಿನ ಕತ್ತಿಯಿಂದ ಗಿಡದ ಅತಿ ಕೆಳಗಿನ ಎಲೆಗಳನ್ನು ಮಾತ್ರ ಬುಡಕ್ಕೆ ಕೊಯ್ದು, ತುದಿಯ ಸೂಜಿಮುಳ್ಳನ್ನು ಹಾರಿಸಿ, ಎರಡೂ ಅಂಚಿನ ಗರಗಸದಂಥ ಮುಳ್ಳುಗಳನ್ನು ಸವರಿ, ಐವತ್ತೈವತ್ತರ ಕಂತೆ ಕಟ್ಟಿ, ಹೇಸರಗತ್ತೆ ಎಳೆಯುವ ಪುಟ್ಟ ಹಳಿಬಂಡಿಯ ದಾರಿಗೆ ಹೊತ್ತು ತರಬೇಕು. ಕೂಲಿಯ ಲೆಕ್ಕ ಸಾವಿರ ಎಲೆಗೆ ಇಷ್ಟು ಎಂದು. ಯಂತ್ರದ ಮನೆಯಲ್ಲಿ ಎಲೆಯ ತಿರುಳು ಜಜ್ಜಿಹೋಗಿ ಹಸಿರು ರೊಚ್ಚು ಒಂದು ಕಡೆ, ತಿಳಿಹಳದಿ ನಾರು ಇನ್ನೊಂದು ಕಡೆ ಬೀಳುತ್ತದೆ. ನಾರನ್ನು ಅಂಗಳದ ತಂತಿಗಳ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಈ ಆಳುಗಳೆಲ್ಲ ಹೆಚ್ಚಿನಂಶ ಆ ನಾಡಿನ ಮೂಲನಿವಾಸಿಗಳಾದ ಮಾಯಾ ಜನರು, ಮತ್ತು ಸಾಲದ ಜೀತಕ್ಕೆ ಬಿದ್ದವರು. ಎಸ್ಟೇಟಿನ ಪುಸ್ತಕದಲ್ಲಿ ಅವರ ಹೆಸರಿಗೆ ಎರಡು ಲೆಕ್ಕ ಇರುತ್ತಿತ್ತು. ದಿನನಿತ್ಯದ ಜೋಳ, ಬಟ್ಟೆಯ ಸಣ್ಣ ಸಾಲ ಮಾಯಾ, ಸ್ಪ್ಯಾನಿಷ್ ಬೆರೆತ ಮಾತಿನಲ್ಲಿ ‘ಚಿಚಾನ್ ಕ್ವೆಂತಾ’. ಮದುವೆಗೋ ಕಾಯಿಲೆಗೋ ತೆಗೆದ ದೊಡ್ಡ ಸಾಲ ‘ನೊಹೊಚ್ ಕ್ವೆಂತಾ’. ಸಣ್ಣದು ತೀರುತ್ತಿತ್ತು, ದೊಡ್ಡದು ತೀರುತ್ತಿರಲಿಲ್ಲ. ತೀರದ ಸಾಲವೇ ಆಳನ್ನು ಧಣಿಯ ನೆಲಕ್ಕೆ ಕಟ್ಟಿಹಾಕುವ ಹಗ್ಗ.

ಫೆಲಿಪೆ ಹುಟ್ಟಿದ್ದು 1874ರ ನವೆಂಬರ್ 8ರಂದು, ಇದೇ ಕತ್ತಾಳೆ ಸೀಮೆಯ ನಡುವಿನ ಮೊತುಲ್ ಎಂಬ ಊರಿನಲ್ಲಿ. ಹದಿನಾಲ್ಕು ಮಕ್ಕಳ ಸಂಸಾರ, ಚಿಕ್ಕ ವ್ಯಾಪಾರದ ಮನೆ. ಅವರನ್ನು ಬಡ ಮಾಯಾ ರೈತನ ಮಗ ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಅವರು ಮಿಶ್ರ ಮೂಲದ, ಊರಿನ ನಡುವರ್ಗದ ಮನೆಯವರು. ಆದರೆ ಬಾಲ್ಯದಿಂದಲೂ ಮಾಯಾ ಭಾಷೆಯನ್ನು ಮನೆಮಾತಿನಷ್ಟೇ ಸಲೀಸಾಗಿ ಆಡುತ್ತಿದ್ದವರು. ರೈಲಿನಲ್ಲಿ ಕಂಡಕ್ಟರ್ ಆಗಿ, ಗಾಡಿ ಹೊಡೆದು, ಚಿಲ್ಲರೆ ವ್ಯಾಪಾರ ಮಾಡಿ, ಪತ್ರಿಕೆಗೆ ಬರೆದು ಬದುಕಿದರು. ಈ ಉದ್ಯೋಗಗಳೆಲ್ಲ ಅವರನ್ನು ಹಳ್ಳಿಯಿಂದ ಹಳ್ಳಿಗೆ ತಿರುಗಿಸಿದವು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮುಂದೆ ಅವರು ಸಂಘ ಕಟ್ಟಿದ್ದು ಇದೇ ದಾರಿಗಳ ಉದ್ದಕ್ಕೆ, ಇದೇ ಪರಿಚಯದ ಮೇಲೆ. ದೇಶದ ಸಂವಿಧಾನವನ್ನು ಮಾಯಾ ಭಾಷೆಗೆ ತಂದು, ಓದಲು ಬಾರದವರ ನಡುವೆ ಕುಳಿತು ಓದಿ ಹೇಳುತ್ತಿದ್ದರು. ತನ್ನ ಹಕ್ಕು ಬರೆದಿರುವ ಪುಸ್ತಕ ಒಂದಿದೆ ಎಂಬುದನ್ನೇ ಕೇಳಿರದ ಆಳಿಗೆ ಅದು ತನ್ನದೇ ಮಾತಿನಲ್ಲಿ ಕಿವಿಗೆ ಬಿದ್ದಾಗ ಏನಾಗಿರಬಹುದು ಎಂದು ನಾವು ಕನ್ನಡಿಗರು ಊಹಿಸಬಲ್ಲೆವು.

1911ರಲ್ಲಿ ತಮ್ಮ ಮೇಲೆ ದಾಳಿಗೆ ಬಂದವನೊಬ್ಬನನ್ನು ಗುಂಡಿಕ್ಕಿ ಕೊಂದು ಅವರು ಜೈಲು ಸೇರಿದರು. ಬಿಡುಗಡೆಯಾದ ಮೇಲೆ ಯುಕತಾನ್ ಬಿಟ್ಟು ಮಧ್ಯ ಮೆಕ್ಸಿಕೋದ ಮೊರೆಲೋಸಿಗೆ ಹೋಗಿ, ರೈತ ಕ್ರಾಂತಿಯ ನಾಯಕ ಎಮಿಲಿಯಾನೊ ಸಪಾತಾ ಅವರ ಪಡೆ ಜಮೀನ್ದಾರರಿಂದ ಕಿತ್ತ ಭೂಮಿಯನ್ನು ಅಳೆದು ಹಳ್ಳಿಗಳಿಗೆ ಹಂಚುತ್ತಿದ್ದ ಭೂ ಆಯೋಗದಲ್ಲಿ ಕೆಲಸ ಮಾಡಿದರು. 1915ರ ಮಾರ್ಚಿನಲ್ಲಿ ಜನರಲ್ ಸಾಲ್ವದೊರ್ ಅಲ್ವರಾದೊ ದೊಡ್ಡ ಸೈನ್ಯದೊಂದಿಗೆ ಮೆರಿದಾಕ್ಕೆ ನುಗ್ಗಿ ಗವರ್ನರ್ ಆದರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಮೆಕ್ಸಿಕೋದ ಕ್ರಾಂತಿ ಯುಕತಾನಿನ ಒಳಗಿನಿಂದ ಎದ್ದದ್ದಲ್ಲ, ಹೊರಗಿನಿಂದ ಬಂದೂಕು ಹೊತ್ತು ಬಂದದ್ದು. ಅಲ್ವರಾದೊ ಜೀತಮುಕ್ತಿಯನ್ನು ಜಾರಿಗೆ ತಂದರು, ನೂರಾರು ಶಾಲೆ ತೆರೆದರು, 1916ರಲ್ಲಿ ಮೆರಿದಾದಲ್ಲಿ ಮಹಿಳೆಯರ ಸಮ್ಮೇಳನ ಕರೆದರು, ಎನೆಕೆನ್ ಮಾರಾಟವನ್ನು ಸರ್ಕಾರಿ ಮಂಡಳಿಯ ಕೈಗೆ ತೆಗೆದುಕೊಂಡು ಮಹಾಯುದ್ಧದ ಕಾಲದ ಏರುಬೆಲೆಯ ಲಾಭವನ್ನು ರಾಜ್ಯಕ್ಕೆ ದಕ್ಕಿಸಿದರು. ಆದರೆ ಅವೆಲ್ಲದರ ಹಿಂದೆ ಅವರ ಸೈನ್ಯ ನಿಂತಿತ್ತು. ಊರಿಗೆ ಮರಳಿದ ಫೆಲಿಪೆ ಅವರ ಹಿಂದೆ ಸೈನ್ಯವಿರಲಿಲ್ಲ. ಅವರು ಕಟ್ಟಬೇಕಾಗಿದ್ದದ್ದು ಬೇರೆಯದೇ ಬಲ.

ಅದನ್ನೇ ಅವರು ‘ಲೀಗಾಸ್ ದೆ ರೆಸಿಸ್ತೆನ್ಸಿಯಾ’ ಎಂಬ ಹೆಸರಿನ ಪ್ರತಿರೋಧ ಸಂಘಗಳ ರೂಪದಲ್ಲಿ ಕಟ್ಟಿದರು. 1917ರ ಹೊತ್ತಿಗೆ ಅಲ್ಲಿನ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. 1918ರ ಮಾರ್ಚಿನಲ್ಲಿ ಹುಟ್ಟೂರು ಮೊತುಲಿನಲ್ಲಿ, 1921ರ ಆಗಸ್ಟಿನಲ್ಲಿ ಇಸಮಾಲಿನಲ್ಲಿ ಪಕ್ಷದ ದೊಡ್ಡ ಸಮ್ಮೇಳನಗಳು ನಡೆದವು. ಸಂಘವೆಂದರೆ ಬರೀ ಮತ ಕೇಳುವ ಕಚೇರಿಯಲ್ಲ. ಕೂಲಿಯ ಜಗಳ ಅಲ್ಲಿಗೇ ಬರುತ್ತಿತ್ತು, ಸಂಜೆಯ ಶಾಲೆ ಅಲ್ಲೇ, ಸೋಮವಾರದ ಭಾಷಣ, ಹಾಡು, ನಾಟಕ ಅಲ್ಲೇ, ಕುಡಿತ ಬಿಡಿಸುವ ಪ್ರಚಾರವೂ ಅಲ್ಲೇ. ಬೇಸ್‌ಬಾಲ್ ತಂಡಗಳನ್ನು ಕೂಡ ಸಂಘಗಳೇ ಕಟ್ಟಿದವು. ಇಂದಿಗೂ ಯುಕತಾನಿನ ಹಳ್ಳಿಗಳಲ್ಲಿ ಬೇಸ್‌ಬಾಲಿನ ಹುಚ್ಚು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಪಕ್ಷದ ಗುರುತು ಕೆಂಪು ತ್ರಿಕೋನ. ಹಳ್ಳಿಯ ಮಾಯಾ ಜನ ಅವರನ್ನು ‘ಸುಕುನ್ ಫೆಲಿಪೆ’ ಎಂದು ಕರೆಯುತ್ತಿದ್ದರು, ಅಂದರೆ ಫೆಲಿಪಣ್ಣ.

1919ರಲ್ಲಿ ಒಮ್ಮೆ ಇದೆಲ್ಲ ಕುಸಿದುಬಿತ್ತು. ರಾಷ್ಟ್ರಾಧ್ಯಕ್ಷ ಕರಾನ್ಸಾ ಅವರ ಸೇನೆ ಸಂಘಗಳ ಮೇಲೆ ಬಿದ್ದು, ಕಚೇರಿಗಳನ್ನು ಸುಟ್ಟು, ಮುಖಂಡರನ್ನು ಅಟ್ಟಿತು. ಫೆಲಿಪೆ ಊರು ಬಿಟ್ಟು ಓಡಬೇಕಾಯಿತು. 1920ರಲ್ಲಿ ಆಲ್ವಾರೊ ಒಬ್ರೆಗೊನ್ ಅವರ ಬಣ ಕರಾನ್ಸಾರನ್ನು ಉರುಳಿಸಿದಾಗ ಫೆಲಿಪೆ ಆ ಬಣದ ಜೊತೆಗಿದ್ದರು, ಹಾಗಾಗಿ ಮರಳಿ ಬಂದರು, ಸಂಘಗಳು ಮತ್ತೆ ತಲೆಯೆತ್ತಿದವು. ನಿಮ್ಮ ಎರಡನೆಯ ಪ್ರಶ್ನೆಯ ಉತ್ತರದ ಅರ್ಧ ಇಲ್ಲೇ ಇದೆ. ಸೇನೆ ಎದುರಾದ ವರ್ಷ ಸಂಘಗಳು ಚದುರಿಹೋದವು. ಸೇನೆ ಸುಮ್ಮನಿದ್ದ ವರ್ಷ ಬೆಳೆದವು. 1923ರ ಡಿಸೆಂಬರಿನಲ್ಲಿ ಆದದ್ದು ಹೊಸತೇನಲ್ಲ, ನಾಲ್ಕು ವರ್ಷದ ಹಿಂದೆ ಆಗಿದ್ದದ್ದೇ ಮತ್ತೆ ಆಯಿತು.

1921ರ ನವೆಂಬರಿನ ಚುನಾವಣೆಯಲ್ಲಿ ಅವರು 60 ಸಾವಿರಕ್ಕೂ ಹೆಚ್ಚು ಮತ ಪಡೆದು ಗೆದ್ದರು; ಎದುರಾಳಿಗಳು ಲೆಕ್ಕಕ್ಕೇ ಸಿಗದಷ್ಟು ಹಿಂದೆ ಬಿದ್ದರು. ಇಷ್ಟು ಏಕಪಕ್ಷೀಯವಾದ ಫಲಿತಾಂಶವನ್ನು ಅಕ್ಷರಶಃ ಜನಮತವೆಂದು ಎಣಿಸುವುದು ತಪ್ಪು, ಪೂರ್ತಿ ಸುಳ್ಳೆಂದು ತಳ್ಳುವುದೂ ತಪ್ಪು. ಊರ ಸಂಘದ ಮುಖಂಡ ಹೇಳಿದ ಕಡೆಗೆ ಊರಿಗೆ ಊರೇ ಮತ ಹಾಕುವ ಕಾಲ ಅದು. 1922ರ ಫೆಬ್ರವರಿ 1ರಂದು ಅಧಿಕಾರ ವಹಿಸಿಕೊಂಡಾಗ ಅವರು ನೆರೆದ ಜನರನ್ನು ಉದ್ದೇಶಿಸಿ ಮಾತಾಡಿದ್ದು ಸ್ಪ್ಯಾನಿಷಿನಲ್ಲಲ್ಲ, ಮಾಯಾ ಭಾಷೆಯಲ್ಲಿ. ಮೆರಿದಾದ ಗವರ್ನರರ ಅರಮನೆಯಿಂದ ಆ ಭಾಷೆ ಆಳುವವರ ಮಾತಾಗಿ ಕೇಳಿಬಂದದ್ದು ಹಳ್ಳಿಯಿಂದ ನಡೆದು ಬಂದಿದ್ದವರಿಗೆ ಯಾವ ಕಾನೂನಿಗಿಂತಲೂ ಕಡಿಮೆಯ ಸುದ್ದಿಯಾಗಿರಲಿಲ್ಲ.

ಆಡಳಿತಕ್ಕೆ ಅವರಿಗೆ ಸಿಕ್ಕಿದ್ದು ಎರಡು ವರ್ಷಕ್ಕೂ ಕಡಿಮೆ. ಆ ಅವಧಿಯಲ್ಲಿ ಅವರು ಮಾಡಿದ್ದನ್ನು ನೋಡಿದರೆ, ತಮಗೆ ಸಮಯ ಇಲ್ಲವೆಂದು ಅವರಿಗೇ ಗೊತ್ತಿತ್ತೇನೋ ಅನ್ನಿಸುತ್ತದೆ. ಫೆಬ್ರವರಿ ಮುಗಿಯುವ ಮೊದಲೇ ಮೆರಿದಾದಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂದಿನ ಯುಕತಾನ್ ವಿಶ್ವವಿದ್ಯಾಲಯದ ಬೇರು ಅದೇ. ಗುರುವಾರಗಳನ್ನು ಭೂಮಿ ಹಂಚಿಕೆಗೆಂದೇ ಮೀಸಲಿಟ್ಟು ಅವಕ್ಕೆ ‘ಭೂಮಿಯ ಗುರುವಾರ’ ಎಂಬ ಹೆಸರೇ ಬಂತು: ಗವರ್ನರ್ ತಾವೇ ಹಳ್ಳಿಗೆ ಹೋಗಿ, ಇಷ್ಟು ನೆಲ ಇನ್ನು ನಿಮ್ಮ ಊರಿನದು ಎಂದು ಜನರ ಮುಂದೆ ಒಪ್ಪಿಸುತ್ತಿದ್ದರು. ಹೀಗೆ ಕೊಟ್ಟದ್ದು ಒಬ್ಬೊಬ್ಬರ ಹೆಸರಿನ ಪಟ್ಟಾ ಅಲ್ಲ. ಊರಿಗೆಲ್ಲ ಸೇರಿದ, ಮಾರಲಾಗದ ‘ಎಹಿದೊ’ ಭೂಮಿ. ನಮ್ಮ ಗೋಮಾಳದಂತೆ ಊರೊಟ್ಟಿಗಿನದು, ಆದರೆ ಉಳಲು ಕೊಟ್ಟದ್ದು. ಸಪಾತಾ ಅವರ ಮೊರೆಲೋಸ್ ಬಿಟ್ಟರೆ ಆ ವರ್ಷಗಳಲ್ಲಿ ಇಷ್ಟು ಬಿರುಸಿನಿಂದ ಭೂಮಿ ಹಂಚಿದ ರಾಜ್ಯ ಮೆಕ್ಸಿಕೋದಲ್ಲಿ ಇನ್ನೊಂದು ಇರಲಿಲ್ಲ. ಚಿಚೆನ್ ಇತ್ಸಾದ ಹಾಳು ನಗರಕ್ಕೆ ರಸ್ತೆ ಮಾಡಿಸಿ 1923ರಲ್ಲಿ ತೆರೆದರು. ಇಂದು ಲಕ್ಷಾಂತರ ಪ್ರವಾಸಿಗರು ನೋಡುವ ಆ ಮೆಟ್ಟಿಲು ಗೋಪುರವನ್ನು ಅವರು ಮೊದಲು ತೋರಿಸಬೇಕೆಂದಿದ್ದದ್ದು ಮಾಯಾ ರೈತರಿಗೇ, ಇದನ್ನು ಕಟ್ಟಿದವರು ನಿಮ್ಮ ಹಿರಿಯರು ಎಂದು.

ಮಹಿಳೆಯರ ವಿಷಯದಲ್ಲಿ ಈ ಸರ್ಕಾರ ಮಾಡಿದ್ದು ಇಡೀ ದೇಶಕ್ಕಿಂತ ಮೂರು ದಶಕ ಮುಂದಿತ್ತು. ಅದರ ಹಿಂದಿನ ಬಲ ಅವರ ತಂಗಿ ಎಲ್ವಿಯಾ ಕರಿಯೊ ಪುವೆರ್ತೊ. ಊರೂರಿನಲ್ಲಿ ಹೆಂಗಸರ ಸಂಘ ಕಟ್ಟಿದವರು ಅವರು. 1922ರಲ್ಲಿ ರೋಸಾ ತೊರ್ರೆ ಮೆರಿದಾದ ನಗರಸಭೆಗೆ ಆರಿಸಿಬಂದರು; 1923ರಲ್ಲಿ ಎಲ್ವಿಯಾ, ಬೆಯಾತ್ರಿಸ್ ಪೆನಿಚೆ, ರಾಕೆಲ್ ದ್ಸಿಬ್ ಮೂವರೂ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು. ಗಂಡ ಹೆಂಡಿರಲ್ಲಿ ಒಬ್ಬರೇ ಕೇಳಿದರೂ ವಿಚ್ಛೇದನ ಸಿಗುವ ಕಾನೂನು ಬಂತು. ಗರ್ಭನಿರೋಧದ ಬಗ್ಗೆ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಬರೆದ ಕಿರುಹೊತ್ತಿಗೆಯನ್ನು ಸ್ಪ್ಯಾನಿಷಿನಲ್ಲಿ ಅಚ್ಚು ಹಾಕಿ ಹಂಚಲಾಯಿತು, ಮೆರಿದಾದ ಮಡಿವಂತ ಸಮಾಜ ಹೌಹಾರಿತು. ದೇಶದ ಚುನಾವಣೆಗಳಲ್ಲಿ ಮೆಕ್ಸಿಕೋದ ಹೆಂಗಸರಿಗೆ ಮತದ ಹಕ್ಕು ಬಂದದ್ದು 1953ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಇಷ್ಟಾದರೂ ಅವರು ಬಹುಕಾಲ ಮುಟ್ಟದೆ ಬಿಟ್ಟದ್ದು ಎನೆಕೆನ್ ಬೆಳೆದು ನಿಂತ ಹೊಲಗಳನ್ನು. ಹಂಚಿದ್ದು ಹೆಚ್ಚಾಗಿ ಜೋಳ ಬಿತ್ತುವ ಕುರುಚಲು ಕಾಡಿನ ನೆಲ. ಇದನ್ನು ಅಂಜಿಕೆ ಎಂದು ಟೀಕಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಾಜ್ಯದ ಬೊಕ್ಕಸ ತುಂಬುತ್ತಿದ್ದದ್ದು ಎನೆಕೆನ್ ತೆರಿಗೆಯಿಂದ. ಮಹಾಯುದ್ಧ ಮುಗಿದೊಡನೆ ನಾರಿನ ಬೆಲೆ ನೆಲಕಚ್ಚಿತ್ತು, ಗೋದಾಮುಗಳಲ್ಲಿ ಮಾರಾಟವಾಗದ ನಾರು ರಾಶಿ ಬಿದ್ದಿತ್ತು. ಯುಕತಾನಿನ ಕುಲದ್ದೇ ಕತ್ತಾಳೆಯನ್ನು ಒಯ್ದು ನೆಟ್ಟಿದ್ದ ಪೂರ್ವ ಆಫ್ರಿಕಾದ ತೋಟಗಳು ಈಗ ಪೈಪೋಟಿಗೆ ನಿಂತಿದ್ದವು. ಆ ನಾರಿಗೆ ಪ್ರಪಂಚವಿಟ್ಟ ‘ಸೀಸಲ್’ ಎಂಬ ಹೆಸರು ಯುಕತಾನಿನ ಹಳೆಯ ಬಂದರಿನದೇ. ಯಂತ್ರ, ಹಳಿ, ಗಿರಾಕಿ ಎಲ್ಲವೂ ಧಣಿಗಳ ಕೈಯಲ್ಲಿರುವಾಗ ಹೊಲ ಮಾತ್ರ ಒಡೆದು ಹಂಚಿದರೆ ರಾಜ್ಯವೇ ಉಪವಾಸ ಬೀಳುತ್ತಿತ್ತು. ಆದರೆ 1923ರ ಕೊನೆಯಲ್ಲಿ ಅವರು ಆ ಗೆರೆಯನ್ನೂ ದಾಟಿದರು. ಧಣಿಗಳು ಪಾಳು ಬಿಟ್ಟ ಎನೆಕೆನ್ ಎಸ್ಟೇಟುಗಳನ್ನು ವಶಪಡಿಸಿಕೊಂಡು ದುಡಿಯುವವರಿಗೇ ಒಪ್ಪಿಸುವ ಆದೇಶ ಹೊರಬಿತ್ತು. ಅದರ ಬೆನ್ನಿಗೇ ಡಿಸೆಂಬರ್ ಬಂತು.

ಆ ಡಿಸೆಂಬರಿನ ಕಿಚ್ಚು ಹೊತ್ತಿದ್ದು ಯುಕತಾನಿನಲ್ಲಿ ಅಲ್ಲ. ಮುಂದಿನ ರಾಷ್ಟ್ರಾಧ್ಯಕ್ಷರು ಯಾರೆಂಬ ಪ್ರಶ್ನೆಗೆ ಆಗಿನ ರಾಷ್ಟ್ರಾಧ್ಯಕ್ಷ ಒಬ್ರೆಗೊನ್ ಅವರು ಪ್ಲುತಾರ್ಕೊ ಎಲಿಯಾಸ್ ಕಯೆಸ್ ಅವರ ಕಡೆ ವಾಲಿದಾಗ, ಪ್ರತಿಸ್ಪರ್ಧಿ ಅಡೊಲ್ಫೊ ದೆ ಲಾ ವೆರ್ತಾ ಅವರ ಪರವಾಗಿ ಸೇನೆಯ ದೊಡ್ಡ ಭಾಗ ದಂಗೆ ಎದ್ದಿತು. ಫೆಲಿಪೆ ಕಯೆಸ್ ಅವರ ಗೆಳೆಯರು, ಅವರ ಪರವಾಗಿ ಬಹಿರಂಗವಾಗಿಯೇ ನಿಂತವರು. ನೆರೆಯ ಕಂಪೆಚೆಯಲ್ಲಿ ಎದ್ದ ಬಂಡಾಯ ಅಡಗಿಸಲು ಮೆರಿದಾದಿಂದ ಹೋದ ತುಕಡಿಯೇ ದಾರಿಯಲ್ಲಿ ತಿರುಗಿಬಿದ್ದಿತು. ಡಿಸೆಂಬರ್ 12ರಂದು ಕರ್ನಲ್ ಹುವಾನ್ ರಿಕಾರ್ದೆಸ್ ಬ್ರೋಕಾ ಮೆರಿದಾವನ್ನು ಬಂಡುಕೋರರ ಹೆಸರಿನಲ್ಲಿ ಕೈವಶ ಮಾಡಿಕೊಂಡರು. ಫೆಲಿಪೆ ಕೆಲವು ಆಪ್ತರು ಮತ್ತು ತಮ್ಮಂದಿರೊಂದಿಗೆ ಮೊತುಲ್ ಮಾರ್ಗವಾಗಿ ಪೂರ್ವಕ್ಕೆ ಹೊರಟು, ಕರಾವಳಿ ಸೇರಿ, ದೋಣಿಯಲ್ಲಿ ಕ್ಯೂಬಾಕ್ಕೆ ದಾಟಬೇಕೆಂದಿದ್ದರು. ಆಗಲಿಲ್ಲ. ಡಿಸೆಂಬರ್ 21ರಂದು ಉತ್ತರದ ಕರಾವಳಿಯಲ್ಲಿ, ಹೊಲ್ಬೋಶ್ ದ್ವೀಪದ ಆಸುಪಾಸಿನಲ್ಲಿ ಸಿಕ್ಕಿಬಿದ್ದರು. ಮೆರಿದಾದ ಜೈಲಿಗೆ ತಂದು ಸೇನಾ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿದರು. ಚುನಾಯಿತ ಗವರ್ನರನ್ನು ವಿಚಾರಣೆ ಮಾಡಲು ಅಂಥ ಮಂಡಳಿಗೆ ಯಾವ ಕಾನೂನಿನ ಅಧಿಕಾರವೂ ಇರಲಿಲ್ಲ. 1924ರ ಜನವರಿ 3ರ ಮುಂಜಾವಿನಲ್ಲಿ ನಗರದ ಸ್ಮಶಾನದ ಗೋಡೆಗೆ ನಿಲ್ಲಿಸಿ ಅವರನ್ನೂ, ಬೆಂಹಮಿನ್, ಎದೇಸಿಯೊ, ವಿಲ್ಫ್ರಿದೊ ಎಂಬ ಅವರ ಮೂವರು ಸೋದರರನ್ನೂ, ಇನ್ನೂ ಒಂಬತ್ತು ಮಂದಿಯನ್ನೂ ಗುಂಡಿಕ್ಕಿ ಕೊಂದರು. ಮೆರಿದಾದ ಮೇಯರ್ ಮಾನುವೆಲ್ ಬೆರ್ಸುನ್ಸಾ ಅವರೂ ಆ ಹದಿಮೂರರಲ್ಲಿ ಒಬ್ಬರು. ಫೆಲಿಪೆ ಅವರಿಗೆ ಆಗ ನಲವತ್ತೊಂಬತ್ತು ವರ್ಷ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಪಕ್ಷವೇ ಕೊಟ್ಟ ಲೆಕ್ಕದಲ್ಲಿ ಸಂಘಗಳ ಸದಸ್ಯರು 70 ಸಾವಿರಕ್ಕೂ ಮೀರಿದ್ದರು. ಆ 70 ಸಾವಿರ ಎಲ್ಲಿ ಹೋಯಿತು?

ಮೊದಲ ಮಾತು, ಅವರ ಕೈಯಲ್ಲಿ ಬಂದೂಕುಗಳಿರಲಿಲ್ಲ. ಕತ್ತಾಳೆ ಕೊಯ್ಯುವ ಕತ್ತಿ, ಜಿಂಕೆ ಹೊಡೆಯುವ ನಾಡಕೋವಿ ಇದ್ದವು. ಎದುರಿಗೆ ಮೆಷಿನ್‌ಗನ್ ಇದ್ದ ಪಡೆ. ಮೊತುಲಿನಲ್ಲಿ ಜನ ಸೇರಿ ಹೋರಾಡುತ್ತೇವೆ ಎಂದರಂತೆ, ಬರಿಗೈಯವರನ್ನು ಸಾವಿಗೆ ದೂಡಲಾರೆ ಎಂದು ಫೆಲಿಪೆ ಅವರೇ ತಡೆದರಂತೆ ಎಂಬುದು ಅಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಅವರ ಸ್ವಭಾವ ಬಲ್ಲವರಿಗೆ ಇದು ನಂಬಲಾಗದ ಮಾತೇನಲ್ಲ. ಎರಡನೆಯದು, ಕೇಂದ್ರದಿಂದ ನೆರವು ಬರುವ ದಾರಿಯೇ ಇರಲಿಲ್ಲ. ಯುಕತಾನಿಗೂ ಉಳಿದ ಮೆಕ್ಸಿಕೋಗೂ ರೈಲು ಸಂಪರ್ಕ ಬಂದದ್ದು 1950ರಲ್ಲಿ. ಅಲ್ಲಿಯವರೆಗೆ ಹಡಗೇ ಗತಿ, ಮತ್ತು ಹಡಗು ಹೊರಡುವ ವೆರಾಕ್ರೂಸ್ ಬಂದರು ದೆ ಲಾ ವೆರ್ತಾ ಅವರ ಕೈಯಲ್ಲಿತ್ತು. ಒಬ್ರೆಗೊನ್ ಅವರು ಬೇರೆ ರಂಗಗಳಲ್ಲಿ ತಮ್ಮ ಅಧಿಕಾರವನ್ನೇ ಉಳಿಸಿಕೊಳ್ಳಲು ಹೆಣಗುತ್ತಿದ್ದರು.

ಮೂರನೆಯದು ಹೇಳಲು ಕಷ್ಟವಾದದ್ದು, ಆದರೆ ಇದೇ ತಿರುಳು. ಆ ಕಾಲದ ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರರು ಸಂಘಗಳ ಒಳರಚನೆಯನ್ನು ಬಿಚ್ಚಿಟ್ಟಿದ್ದಾರೆ. ಎರಡು ವರ್ಷಗಳಲ್ಲಿ ಊರೂರಿಗೆ ಸಂಘ ಹಬ್ಬಿಸಬೇಕೆಂದರೆ ಊರಿನಲ್ಲಿ ಈಗಾಗಲೇ ಮಾತು ನಡೆಯುವವನನ್ನೇ ಹಿಡಿಯಬೇಕು. ಅಲ್ಲಿ ಅಂಥವನನ್ನು ‘ಕಸೀಕೆ’ ಎನ್ನುತ್ತಾರೆ. ನಮ್ಮ ಪುಢಾರಿ ಎನ್ನುವುದಕ್ಕಿಂತ ಒಂದು ತೂಕ ಹೆಚ್ಚು. ಕೈಯಲ್ಲಿ ಆಳುಗಳಿರುವವನು, ಬೇಕಾದರೆ ಹೊಡೆಸಬಲ್ಲವನು. ಫೆಲಿಪೆ ಇಂಥ ಕಸೀಕೆಗಳಿಗೆ ಊರಿನ ಅಧಿಕಾರ, ವ್ಯಾಪಾರದ ಗುತ್ತಿಗೆ, ಹುದ್ದೆಗಳನ್ನು ಕೊಟ್ಟರು. ಅವರು ಊರಿನ ಮತ ಮತ್ತು ಸಂಘದ ಸದಸ್ಯರ ಪಟ್ಟಿಯನ್ನು ಕೊಟ್ಟರು. ಕತ್ತಾಳೆ ಎಸ್ಟೇಟಿನ ಆಳುಗಳು ಧಣಿಯ ಬೇಲಿಯ ಒಳಗೇ ಇದ್ದುದರಿಂದ ಅಲ್ಲಿಗೆ ಸಂಘ ಹೊಕ್ಕದ್ದು ಕಡಿಮೆ. ಹೀಗಾಗಿ ಫೆಲಿಪಣ್ಣನ ಮೇಲಿನ ಪ್ರೀತಿ ನಿಜವಾಗಿದ್ದರೂ ಆ ಪ್ರೀತಿ ಮತ್ತು ಫೆಲಿಪಣ್ಣನ ನಡುವೆ ಒಬ್ಬ ಮಧ್ಯವರ್ತಿ ನಿಂತಿದ್ದ, ಮತ್ತು ಡಿಸೆಂಬರ್ 12ರಂದು ತೀರ್ಮಾನ ತೆಗೆದುಕೊಳ್ಳಬೇಕಾಗಿದ್ದವನು ಆ ಮಧ್ಯವರ್ತಿ. ಬಹುತೇಕ ಕಸೀಕೆಗಳು ಮನೆಯಲ್ಲೇ ಉಳಿದರು, ಕೆಲವರು ಹೊಸ ಕರ್ನಲನ ಜೊತೆ ಮಾತುಕತೆಗೆ ಕೂತರು. ಆದ್ದರಿಂದ ನಿಮ್ಮ ‘ಜನಬೆಂಬಲ ಸುಳ್ಳಾಗಿತ್ತೇ’ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಬೆಂಬಲ ಸುಳ್ಳಲ್ಲ; ಆದರೆ ಅದು ಜನರ ಸ್ವಂತ ಕೈಗೆ ಇನ್ನೂ ಬಂದಿರಲಿಲ್ಲ. ಅದಕ್ಕೆ ಎರಡು ವರ್ಷ ಸಾಲದು, ಹತ್ತು ವರ್ಷ ಬೇಕಿತ್ತು. ಆ ಹತ್ತು ವರ್ಷ ಅವರಿಗೆ ಸಿಕ್ಕಿದ್ದರೆ ಎಂದು ಈ ಅಧ್ಯಾಯ ಓದಿದಾಗಲೆಲ್ಲ ನನ್ನ ಮನಸ್ಸು ಹಿಂಡುತ್ತದೆ.

ಧಣಿಗಳು ಹಣ ಕೊಟ್ಟು ಕೊಲ್ಲಿಸಿದರು ಎಂಬ ಆರೋಪ ಅಂದಿನಿಂದಲೂ ಇದೆ. ಬಂಡುಕೋರರಿಗೆ ಧಣಿಗಳಿಂದ ಹಣ ಬೇಕಿತ್ತು, ಧಣಿಗಳಿಗೆ ಫೆಲಿಪೆ ಇಲ್ಲವಾಗಬೇಕಿತ್ತು, ಇಷ್ಟು ಸ್ಪಷ್ಟ. ಹಾಗೆಯೇ, ‘ನನ್ನ ಇಂಡಿಯನ್ನರ ಕೈ ಬಿಡಬೇಡಿ’ ಎಂಬುದು ಅವರ ಕೊನೆಯ ಮಾತೆಂದು ಎಲ್ಲ ಕಡೆ ಉಲ್ಲೇಖವಾಗುತ್ತದೆ. ಅವರ ಬಾಯಿಗೆ ಒಪ್ಪುವ ಮಾತು ಅದು, ಆದರೆ ನೀವು ಪ್ರಬಂಧ ಬರೆಯುವುದಾದರೆ ‘ಎನ್ನಲಾಗುತ್ತದೆ’ ಎಂದು ಸೇರಿಸುವುದು ಒಳ್ಳೆಯದು.

ಮುಂದೇನಾಯಿತು ಎಂಬುದನ್ನೂ ತಿಳಿದುಕೊಂಡರೆ ಗವರ್ನರ್ ಹುದ್ದೆಯ ಚಿತ್ರ ಪೂರ್ತಿಯಾಗುತ್ತದೆ. 1924ರ ಏಪ್ರಿಲಿನ ಹೊತ್ತಿಗೆ ಬಂಡುಕೋರರು ಮೆರಿದಾ ಬಿಟ್ಟು ಓಡಿದರು. ಹಿಂದಿನ ಗವರ್ನರ್ ಅಲ್ವರಾದೊ ಅವರು ಇದೇ ದಂಗೆಯಲ್ಲಿ ದೆ ಲಾ ವೆರ್ತಾ ಅವರ ಪಕ್ಷ ವಹಿಸಿ ಆ ವರ್ಷದ ಜೂನಿನಲ್ಲಿ ಹತರಾದರು. ಯುಕತಾನಿನ ಕ್ರಾಂತಿಯ ಇಬ್ಬರು ದೊಡ್ಡ ಗವರ್ನರರು ಎದುರು ಬದುರಿನ ಪಾಳೆಯದಲ್ಲಿ ಆರು ತಿಂಗಳ ಅಂತರದಲ್ಲಿ ಸತ್ತರು. ಸಮಾಜವಾದಿ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು, ಆದರೆ ಸಂಘಗಳ ಹಳೆಯ ಕಾವು ಬರಲಿಲ್ಲ. ಉಮಾನ್ ಊರಿನ ಕಸೀಕೆಯಾಗಿ ಬೆಳೆದ ಬಾರ್ತೊಲೊಮೆ ಗಾರ್ಸಿಯಾ ಕೊರ್ರೆಯಾ ಪಕ್ಷದ ಹಿಡಿತ ಪಡೆದು 1930ರಲ್ಲಿ ಗವರ್ನರ್ ಆದರು. ಅಂದರೆ ಫೆಲಿಪೆ ಯಾರ ಹೆಗಲ ಮೇಲೆ ಪಕ್ಷ ಕಟ್ಟಿದ್ದರೋ ಆ ವರ್ಗದವರೇ ಅವರ ಕುರ್ಚಿಗೆ ಬಂದು ಕೂತರು. ಎನೆಕೆನ್ ಹೊಲಗಳು ಕೊನೆಗೂ ದೊಡ್ಡ ಪ್ರಮಾಣದಲ್ಲಿ ಹಂಚಿಕೆಯಾದದ್ದು 1937ರ ಆಗಸ್ಟಿನಲ್ಲಿ, ರಾಷ್ಟ್ರಾಧ್ಯಕ್ಷ ಲಾಸಾರೊ ಕಾರ್ದೆನಾಸ್ ಸ್ವತಃ ಮೆರಿದಾಕ್ಕೆ ಬಂದು ಆಜ್ಞೆ ಹೊರಡಿಸಿದಾಗ. ಕಾರ್ದೆನಾಸ್ ಕೂಡ ಹಿಂದೆ ಒಂದು ರಾಜ್ಯದ ಗವರ್ನರ್ ಆಗಿದ್ದವರು, ಮಿಚೊವಕಾನಿನಲ್ಲಿ ಭೂಮಿ ಹಂಚಿ ಅನುಭವ ಪಡೆದವರು. ಆದರೆ ಯುಕತಾನಿಗೆ ಬರುವಾಗ ಸೇನೆ ಅವರ ಕೈಯೊಳಗೇ ಇತ್ತು.

ತಂಗಿ ಎಲ್ವಿಯಾ ಅವರು ಶಾಸಕಿಯ ಸ್ಥಾನ ಕಳೆದುಕೊಂಡು ಯುಕತಾನ್ ತೊರೆದು, ಸಾನ್ ಲೂಯಿಸ್ ಪೊತೊಸಿಯಲ್ಲಿ ಮತ್ತೆ ಚುನಾವಣೆಗೆ ನಿಂತರು. ಗೆದ್ದರೂ ಸಂಸತ್ತು ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಣ್ಣನ ಹೆಸರು ಮಾತ್ರ ನೆಲದ ಮೇಲೆ ಉಳಿಯಿತು. ಹತ್ತೊಂಬತ್ತನೇ ಶತಮಾನದ ಮಾಯಾ ದಂಗೆಯ ರಾಜಧಾನಿಯಾಗಿದ್ದ ಚಾನ್ ಸಾಂತಾ ಕ್ರೂಸ್ ಊರಿಗೆ ಇಂದು ಫೆಲಿಪೆ ಕರಿಯೊ ಪುವೆರ್ತೊ ಎಂದೇ ಹೆಸರು. ಅವರು ಸತ್ತು ನೂರು ವರ್ಷ ತುಂಬಿದ 2024ನೇ ಇಸವಿಯನ್ನು ಮೆಕ್ಸಿಕೋ ಸರ್ಕಾರ ಅವರ ಹೆಸರಿನ ವರ್ಷವೆಂದು ಘೋಷಿಸಿತು, ಆ ವರ್ಷ ಹೊರಟ ಸರ್ಕಾರಿ ಕಾಗದಗಳ ಮೇಲೆಲ್ಲ ಅದು ಅಚ್ಚಾಗಿತ್ತು. ನೀವು ಆ ಊರನ್ನು ನಕ್ಷೆಯಲ್ಲಿ ಹುಡುಕುವುದಾದರೆ ಯುಕತಾನ್ ರಾಜ್ಯದಲ್ಲಿ ಹುಡುಕಬೇಡಿ. ಅದು ಪಕ್ಕದ ಕಿಂತಾನಾ ರೋ ರಾಜ್ಯದಲ್ಲಿದೆ, ಕಾಡಿನ ನಡುವೆ.